ಬಾವಿ ನೀರಿನ ಲೆಕ್ಕವನ್ನು ಎಲ್ಲರಿಗೂ ಕೊಡಬೇಕು ಅಂತಿದ್ದೇನೆ, ಯಾವ ಲೈಸೆನ್ಸ್ ಹಾಕಲಿ?

ಡೋಣಿ ದಂಡೆ (ವಿಜಯಪುರ):

ಎಲ್ಲರಿಗೂ ನಮಸ್ಕಾರ. ನಂದು ಪಿಎಚ್‌ಡಿ ಮೂರನೇ ವರ್ಷ. ಬಸವನ ಬಾಗೇವಾಡಿ ಮತ್ತು ಇಂಡಿ ಕಡೆಯ 43 ತೆರೆದ ಬಾವಿಗಳ ನೀರಿನ ಮಟ್ಟವನ್ನು ಎರಡು ವರ್ಷದಿಂದ ತಿಂಗಳಿಗೊಮ್ಮೆ ಅಳೆಯುತ್ತಿದ್ದೇನೆ. ಕೆರೆಗಳಿಗೆ ಕೃಷ್ಣೆಯ ನೀರು ತುಂಬಿಸಲು ಶುರು ಮಾಡಿದ ಮೇಲೆ ಸುತ್ತಲಿನ ಬಾವಿಗಳಲ್ಲಿ ಏನಾಗುತ್ತಿದೆ ಅನ್ನುವುದು ನನ್ನ ವಿಷಯ.

ಹೇಗೆ ಅಳೆಯುತ್ತೇನೆ ಅಂತ ಮೊದಲು ಹೇಳುತ್ತೇನೆ, ಮುಂದಿನ ಮಾತಿಗೆ ಅದು ಬೇಕು. ಉಕ್ಕಿನ ಟೇಪಿನ ಕೊನೆಯ ಒಂದು ಮೀಟರಿಗೆ ಸೀಮೆಸುಣ್ಣ ಉಜ್ಜುತ್ತೇನೆ. ತುದಿಗೆ ಸಣ್ಣ ಭಾರ ಕಟ್ಟಿ, ಅದು ನೀರಿಗೆ ಮುಳುಗುವ ತನಕ ಇಳಿಸುತ್ತೇನೆ. ಕಟ್ಟೆಯ ಅಂಚಿನಲ್ಲಿ ಟೇಪು ಎಷ್ಟು ತೋರಿಸುತ್ತದೋ ಬರೆದುಕೊಳ್ಳುತ್ತೇನೆ. ಮೇಲೆಳೆದಾಗ ಸುಣ್ಣ ಎಷ್ಟು ಒದ್ದೆಯಾಗಿದೆಯೋ ಅಷ್ಟನ್ನು ಅದರಿಂದ ಕಳೆಯುತ್ತೇನೆ. ಆಮೇಲೆ ಕಟ್ಟೆಯ ಎತ್ತರವನ್ನೂ ಕಳೆದರೆ ನೆಲದಿಂದ ನೀರಿನವರೆಗಿನ ಆಳ ಸಿಗುತ್ತದೆ. ಮೇ ತಿಂಗಳಲ್ಲಿ ಟೇಪು ಮೇಲೆ ಬರುವಷ್ಟರಲ್ಲೇ ಒದ್ದೆ ಗುರುತು ಆರಿಹೋಗುತ್ತದೆ. ಆಗ ಮತ್ತೆ ಸುಣ್ಣ ಉಜ್ಜಿ ಮತ್ತೆ ಇಳಿಸಬೇಕು. ಒಂದೊಂದು ಬಾವಿಗೆ ಮೂರು ಸಲ ಇಳಿಸಿದ್ದೂ ಇದೆ.

ಹೋದ ವರ್ಷ ಒಬ್ಬರು ಕೇಳಿದರು ಅಂತ ಈ ಎಕ್ಸೆಲ್ ಫೈಲನ್ನು ವಾಟ್ಸಾಪ್‌ನಲ್ಲಿ ಕಳಿಸಿದೆ. ಆರು ತಿಂಗಳಾದ ಮೇಲೆ ಒಂದು ವರದಿಯಲ್ಲಿ ನನ್ನ ಕೋಷ್ಟಕ ಕಾಣಿಸಿತು. ಅಂಕಿಗಳೆಲ್ಲ ನನ್ನವೇ. ನಾನು ತಪ್ಪಾಗಿ ಟೈಪ್ ಮಾಡಿದ್ದ ಒಂದು ಊರಿನ ಹೆಸರು ಕೂಡ ಹಾಗೇ ಇತ್ತು. ನನ್ನ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ತುಂಬಾ ಹೊಟ್ಟೆ ಉರಿಯಿತು.

ಆದರೂ ಡೇಟಾವನ್ನು ಬಚ್ಚಿಡಲು ಮನಸ್ಸಿಲ್ಲ. ಸಂಶೋಧನೆಯ ಡೇಟಾ ಇಡುವ ಝೆನೊಡೊ ತಾಣದಲ್ಲಿ ಹಾಕೋಣ ಅಂತ ಖಾತೆ ಮಾಡಿದೆ. ಅಲ್ಲಿ ಲೈಸೆನ್ಸ್ (ಬೇರೆಯವರು ಇದನ್ನು ಹೇಗೆ ಬಳಸಬಹುದು ಅನ್ನುವ ಅನುಮತಿ) ಆರಿಸಿ ಅನ್ನುವ ಕಡೆ ಕೈ ನಿಂತುಬಿಟ್ಟಿದೆ. ಗೆಳೆಯರು ಕ್ರಿಯೇಟಿವ್ ಕಾಮನ್ಸ್ (ಸಿಸಿ) ಲೈಸೆನ್ಸ್‌ಗಳಲ್ಲಿ ‘ಸಿಸಿ ಬೈ ಎನ್‌ಸಿ ಎನ್‌ಡಿ ಹಾಕು, ಅದೇ ಸೇಫ್’ ಅಂತಾರೆ. ಇನ್ನೊಬ್ಬರು ‘ಏನೂ ಹಾಕಬೇಡ, ಬೇಕಾದವರು ಕೇಳಿ ತಗೊಳ್ಳಲಿ’ ಅಂತಾರೆ. ತಿಳಿದವರು ಹೇಳಿ.


ಕುಂದಾನಗರಿ (ಬೆಳಗಾವಿ):

ನಾನು ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಸಂಶೋಧನಾ ವಿದ್ಯಾರ್ಥಿಗಳು ಇದೇ ಪ್ರಶ್ನೆ ಹಿಡಿದುಕೊಂಡು ಬರುತ್ತಲೇ ಇರುತ್ತಾರೆ, ಅದಕ್ಕೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ‘ಏನೂ ಹಾಕಬೇಡ’ ಅನ್ನುವ ಸಲಹೆ. ದಯವಿಟ್ಟು ಅದನ್ನು ಕೇಳಬೇಡಿ. ಲೈಸೆನ್ಸ್ ಇಲ್ಲದ ಫೈಲನ್ನು ನೋಡಿದರೆ ಪ್ರಾಮಾಣಿಕರು ಮಾತ್ರ ದೂರ ನಿಲ್ಲುತ್ತಾರೆ. ಬಳಸಬಹುದೋ ಇಲ್ಲವೋ ಗೊತ್ತಿಲ್ಲ, ಮೇಲ್ ಹಾಕಿದರೆ ಉತ್ತರ ಬರುತ್ತದೋ ಇಲ್ಲವೋ ಗೊತ್ತಿಲ್ಲ, ಯಾಕೆ ಬೇಕು ಅಂತ ಬಿಡುತ್ತಾರೆ. ಕದಿಯುವವರು ಹೇಗೂ ಕದಿಯುತ್ತಾರೆ. ನಿಮಗೆ ಆಗಿದ್ದೂ ಅದೇ ಅಲ್ವಾ. ಆ ಫೈಲಿನಲ್ಲಿ ‘ಹೀಗೆ ಬಳಸಿ, ಹೀಗೆ ಹೆಸರು ಹಾಕಿ’ ಅಂತ ಒಂದು ಸಾಲೂ ಇರಲಿಲ್ಲ. ಇದ್ದಿದ್ದರೆ ಅವರನ್ನು ಕೇಳಲು ನಿಮ್ಮ ಕೈಯಲ್ಲಿ ಏನೋ ಒಂದು ಇರುತ್ತಿತ್ತು.

ಈಗ ಸಿಸಿ ಲೈಸೆನ್ಸ್‌ಗಳು. ಇವು ಮೊದಲು ಬಂದದ್ದು 2002ರಲ್ಲಿ. ಈಗ ನಡೆಯುತ್ತಿರುವ 4.0 ಆವೃತ್ತಿ 2013ರದ್ದು. ಡೇಟಾಕ್ಕೆ ಹಾಕುವುದಾದರೆ 4.0 ಅನ್ನೇ ಹಾಕಿ. ಯುರೋಪಿನಲ್ಲಿ ಡೇಟಾಬೇಸ್‌ಗಳಿಗೆ ಅಂತಲೇ ಬೇರೆ ಹಕ್ಕು ಇದೆ, ಅದನ್ನೂ ಲೆಕ್ಕಕ್ಕೆ ತಗೊಂಡು ಬರೆದದ್ದು ಇದು. ‘ಬೈ’ ಅಂದರೆ ನನ್ನ ಹೆಸರು ಹಾಕಿ, ಏನು ಬೇಕಾದರೂ ಮಾಡಿ. ಅದಕ್ಕೆ ‘ಎಸ್‌ಎ’ ಸೇರಿದರೆ, ಬದಲಾಯಿಸಿ ಹಂಚುವುದಾದರೆ ನೀವೂ ಇದೇ ಷರತ್ತಿನಲ್ಲಿ ಹಂಚಿ ಅಂತ. ‘ಎನ್‌ಸಿ’ ಅಂದರೆ ವ್ಯಾಪಾರದ ಲಾಭಕ್ಕೆ ಬೇಡ. ‘ಎನ್‌ಡಿ’ ಅಂದರೆ ಬದಲಾಯಿಸಿದ್ದನ್ನು ಹಂಚಬೇಡಿ.

ಆ ಎನ್‌ಡಿಯನ್ನು ಡೇಟಾಕ್ಕೆ ಹಾಕುವುದು ಅಂದರೆ ಜೋಳ ಕೊಟ್ಟು ಬೀಸಬೇಡ ಅಂದ ಹಾಗೆ. ಯಾರಾದರೂ ನಿಮ್ಮ ಕೋಷ್ಟಕವನ್ನು ಮಳೆ ಲೆಕ್ಕದ ಜೊತೆ ಸೇರಿಸಿ ಹೊಸ ಕೋಷ್ಟಕ ಮಾಡಿದರು ಅಂತಿಟ್ಟುಕೊಳ್ಳಿ, ಅದನ್ನು ಹಂಚಬಹುದಾ ಅನ್ನುವ ಅನುಮಾನ ಶುರುವಾಗುತ್ತದೆ. ನಿಮ್ಮ ಟಿಪ್ಪಣಿಗಳನ್ನು ಕನ್ನಡಕ್ಕೆ ಅನುವಾದ ಮಾಡಿ ಹಂಚುವುದೂ ಆಗುವುದಿಲ್ಲ. ಡೇಟಾ ಇರುವುದೇ ಸೇರಿಸಲು, ಬೇರೆ ಮಾಡಲು, ಮತ್ತೆ ಲೆಕ್ಕ ಹಾಕಲು. ಅದನ್ನು ತಡೆದರೆ ಉಳಿಯುವುದೇನು?


ಇಂಡಿ ಲಿಂಬೆ:

ನಾನು ಸಂಶೋಧಕ ಅಲ್ಲ, ರೈತ. ಓದುತ್ತಾ ಒಂದು ಮಾತು ಹೇಳಬೇಕು ಅನ್ನಿಸಿತು.

ನಮ್ಮದು ರೈತರ ಕಂಪನಿ, ಎಫ್‌ಪಿಒ. ಲಿಂಬೆ ಮಾರುತ್ತೇವೆ. 2023ರಲ್ಲಿ ಇಂಡಿ ಲಿಂಬೆಗೆ ಜಿಐ ಟ್ಯಾಗ್ ಬಂದ ಮೇಲೆ ಕೇಳುವವರು ಜಾಸ್ತಿ ಆಗಿದ್ದಾರೆ, ಹೊಸ ಗಿಡ ಹಚ್ಚುವವರೂ ಜಾಸ್ತಿ ಆಗಿದ್ದಾರೆ. ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಮಾರ್ಚ್‌ಗೇ ತಳ ಕಾಣುತ್ತದೆ ಅನ್ನುವ ಲೆಕ್ಕ ನಮಗೆ ಬಂಗಾರ. ನೀವು ಎನ್‌ಸಿ ಹಾಕಿದರೆ ನಾವು ಅದನ್ನು ಮುಟ್ಟಬಹುದಾ? ಕಂಪನಿ ಅಂದ ಮೇಲೆ ವ್ಯಾಪಾರವೇ ಅಲ್ವಾ? ನಮ್ಮ ಬಾವಿ ಅಳೆದ ಲೆಕ್ಕವನ್ನು ನಾವೇ ಬಳಸಲು ಹೆದರುವ ಹಾಗಾದರೆ ಏನು ಬಂತು.

ಇನ್ನೊಂದು. ಲೈಸೆನ್ಸ್ ಯಾವುದಾದರೂ ಇರಲಿ, ನನ್ನ ಹೆಸರು, ನನ್ನ ಸರ್ವೆ ನಂಬರ್ ಅದರಲ್ಲಿ ಇರಬಾರದು. ಬಾವಿಯಲ್ಲಿ ನೀರಿದೆ ಅಂತ ಗೊತ್ತಾದರೆ ಪಕ್ಕದ ಹೊಲದವರು ನಾಳೆಯೇ ಬೋರು ಹೊಡೆಸುತ್ತಾರೆ. ಇಲ್ಲ ಅಂತ ಗೊತ್ತಾದರೆ ಹೊಲಕ್ಕೆ ಬೆಲೆ ಬರುವುದಿಲ್ಲ. ಎರಡರಲ್ಲೂ ಪೆಟ್ಟು ನಮಗೇ. ಅಳೆಯಲು ಬಂದವರಿಗೆ ನಾವು ಚಹಾ ಕೊಟ್ಟು ಬಾವಿ ತೋರಿಸಿದ್ದು ನಂಬಿಕೆ ಮೇಲೆ.


ಡೋಣಿ ದಂಡೆ:

@ಇಂಡಿ ಲಿಂಬೆ ಅಣ್ಣ, ಎರಡೂ ಮಾತು ಎದೆಗೆ ನಾಟಿದವು. ನನ್ನ ಫೈಲಿನಲ್ಲಿ ಈಗ ಮಾಲೀಕರ ಹೆಸರು, ಫೋನ್ ನಂಬರ್, ದಶಮಾಂಶದ ಆರು ಅಂಕಿಯವರೆಗೆ ಜಿಪಿಎಸ್ ಎಲ್ಲಾ ಇದೆ. ವಾಟ್ಸಾಪ್‌ನಲ್ಲಿ ಕಳಿಸಿದ ಫೈಲೂ ಅದೇ. ಇಷ್ಟು ದಿನ ನನ್ನ ಹೆಸರು ಹೋಯಿತು ಅಂತ ಮಾತ್ರ ಸಂಕಟ ಪಡುತ್ತಿದ್ದೆ. 43 ಮನೆಯವರ ಫೋನ್ ನಂಬರನ್ನು ಗುರುತಿಲ್ಲದವರ ಕೈಗೆ ಕೊಟ್ಟುಬಿಟ್ಟೆ ಅನ್ನುವುದು ಈಗ ಹೊಳೆಯಿತು. ಇದು ನನ್ನ ತಪ್ಪು.


ಕುಂದಾನಗರಿ:

ಒಪ್ಪಿಕೊಂಡಿರಲ್ಲ, ಈಗ ಸರಿ ಮಾಡಿ. ಹೆಸರು ಮತ್ತು ಫೋನ್ ಕಾಲಂ ಪೂರ್ತಿ ತೆಗೆಯಿರಿ. ಬಾವಿಗಳಿಗೆ 1ರಿಂದ 43ರ ತನಕ ನಂಬರ್ ಕೊಡಿ, ಆದರೆ ನೀವು ಸುತ್ತಾಡಿದ ಕ್ರಮದಲ್ಲಿ ಬೇಡ, ಕಲಸಿ ಕೊಡಿ. ಯಾವ ನಂಬರ್ ಯಾರ ಬಾವಿ ಅನ್ನುವ ಪಟ್ಟಿ ನಿಮ್ಮ ಹತ್ತಿರ ಮಾತ್ರ ಇರಲಿ. ಜಿಪಿಎಸ್‌ನಲ್ಲಿ ದಶಮಾಂಶದ ಮೂರು ಅಂಕಿ ಉಳಿಸಿದರೆ ಸುಮಾರು 110 ಮೀಟರ್‌ನ ಒಳಗೆ ಜಾಗ ತಿಳಿದುಬಿಡುತ್ತದೆ. ಒಂದೇ ಬಾವಿ ಇರುವ ಕಡೆ ಅದು ಸಾಕಷ್ಟು ಮರೆ ಅಲ್ಲ. ಎರಡೇ ಅಂಕಿ ಇಟ್ಟರೆ ಒಂದು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಕೆರೆಯಿಂದ ಬಾವಿಗೆ ಎಷ್ಟು ದೂರ ಅನ್ನುವುದು ನಿಮ್ಮ ಸಂಶೋಧನೆಗೆ ಮುಖ್ಯವಾದರೆ ಆ ದೂರವನ್ನು ಬೇರೆ ಕಾಲಂ ಮಾಡಿ, ಅದನ್ನೂ ತೀರಾ ನಿಖರವಾಗಿ ಕೊಡಬೇಡಿ, ನೂರು ಮೀಟರ್ ಲೆಕ್ಕದಲ್ಲಿ ಕೊಡಿ.

ವೈಯಕ್ತಿಕ ಡೇಟಾಕ್ಕೆ 2023ರ ಕಾಯ್ದೆ ಇದೆ. ಅದರಲ್ಲಿ ಸಂಶೋಧನೆಗೆ ಸ್ವಲ್ಪ ವಿನಾಯಿತಿ ಇದೆ, ಆದರೆ ಷರತ್ತಿನ ಮೇಲೆ. ಫೋನ್ ನಂಬರನ್ನು ಇಂಟರ್ನೆಟ್‌ಗೆ ಹಾಕಲು ಅದು ದಾರಿ ಅಲ್ಲ. ಸಿಸಿ ಲೈಸೆನ್ಸ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಸಿಸಿ ಬರೀ ಕಾಪಿರೈಟ್ ಮತ್ತು ಅದರ ಹತ್ತಿರದ ಹಕ್ಕುಗಳ ಮಾತು. ಇನ್ನೊಬ್ಬರ ಗುಟ್ಟನ್ನು ಕೊಡುವ ಹಕ್ಕು ನಿಮಗೇ ಇಲ್ಲ ಅಂದ ಮೇಲೆ ಯಾವ ಲೈಸೆನ್ಸ್ ಹಾಕಿದರೂ ಅದು ಬರುವುದಿಲ್ಲ.

ಎನ್‌ಸಿ ಬಗ್ಗೆ ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಎನ್‌ಸಿ ನೋಡುವುದು ಬಳಕೆಯನ್ನು, ಬಳಸುವವರು ಯಾರು ಅನ್ನುವುದನ್ನಲ್ಲ. ಲಾಭಕ್ಕೆ ಅಂತಲೇ ಮುಖ್ಯವಾಗಿ ಮಾಡಿದ ಬಳಕೆಯಾ ಅಂತ. ಆದರೆ ಆ ಗೆರೆ ಎಲ್ಲಿದೆ ಅಂತ ಎಫ್‌ಪಿಒದವರಿಗೆ ಹೇಳುವವರು ಯಾರು? ದಿನಪತ್ರಿಕೆ ನಿಮ್ಮ ಕೋಷ್ಟಕ ಹಾಕಬೇಕು ಅಂದರೆ ಅದು ವ್ಯಾಪಾರವಾ? ವಿಕಿಪೀಡಿಯಾದ ಚಿತ್ರಗಳನ್ನು ಇಡುವ ವಿಕಿಮೀಡಿಯಾ ಕಾಮನ್ಸ್ ಅಂತೂ ಎನ್‌ಸಿ ಇರುವುದನ್ನು ತಗೊಳ್ಳುವುದೇ ಇಲ್ಲ. ದೊಡ್ಡ ಕಂಪನಿಗೆ ವಕೀಲರಿರುತ್ತಾರೆ, ದಾರಿ ಹುಡುಕಿಕೊಳ್ಳುತ್ತಾರೆ. ಹೆದರಿ ಹಿಂದೆ ಸರಿಯುವವರು ಸಣ್ಣವರೇ.


ತೋಟದ ಮನೆ (ಬಾಗಲಕೋಟೆ):

ಒಂದು ಹೆಜ್ಜೆ ಹಿಂದೆ ಹೋಗೋಣ. ಈ ಅಂಕಿಗಳಿಗೆ ಕಾಪಿರೈಟ್ ಇದೆಯಾ ಅಂತ ಯಾರೂ ಕೇಳಲಿಲ್ಲ.

‘ಬಾವಿ 12ರಲ್ಲಿ ನೀರು 11.4 ಮೀಟರ್ ಆಳದಲ್ಲಿದೆ’ ಅನ್ನುವುದು ಒಂದು ಸಂಗತಿ. ಅದಕ್ಕೆ ಯಾರೂ ಒಡೆಯರಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕೋಷ್ಟಕ, ಸಂಕಲನ, ಕಂಪ್ಯೂಟರ್ ಡೇಟಾಬೇಸ್ ಎಲ್ಲವೂ ಸಾಹಿತ್ಯ ಕೃತಿಯ ಕೆಳಗೆ ಬರುತ್ತವೆ, ನಿಜ. ಆದರೆ ಬೆವರು ಸುರಿಸಿದ್ದೇನೆ ಅನ್ನುವುದೊಂದೇ ಕಾರಣಕ್ಕೆ ಹಕ್ಕು ಸಿಗುವುದಿಲ್ಲ. ಈಸ್ಟರ್ನ್ ಬುಕ್ ಕಂಪನಿ ಮತ್ತು ಡಿ.ಬಿ. ಮೋದಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರ ಡಿಸೆಂಬರ್‌ನಲ್ಲಿ ಇದನ್ನೇ ಹೇಳಿತು. ಆಯ್ಕೆಯಲ್ಲಿ, ಜೋಡಣೆಯಲ್ಲಿ ಸ್ವಲ್ಪವಾದರೂ ಸ್ವಂತ ಬುದ್ಧಿ ಕಾಣಬೇಕು. ಯುರೋಪಿನಲ್ಲಿ ಡೇಟಾಬೇಸ್ ಕಟ್ಟಲು ಹಾಕಿದ ದುಡ್ಡು ಮತ್ತು ಶ್ರಮಕ್ಕೆ 1996ರ ನಿರ್ದೇಶನದಿಂದ 15 ವರ್ಷದ ರಕ್ಷಣೆ ಇದೆ. ನಮ್ಮಲ್ಲಿ ಅಂಥದ್ದು ಇಲ್ಲ.

ಹೀಗಿರುವಾಗ ‘ಬೈ’ ಹಾಕಿದರೂ ಬರೀ ಅಂಕಿಗಳ ಮಟ್ಟಿಗೆ ಕಾನೂನಿನ ಬಲ ಕಡಿಮೆಯೇ. ಅದಕ್ಕೆ ನನ್ನ ಮತ ಸಿಸಿ ಝೀರೋಗೆ. 2009ರಿಂದ ಇದೆ. ಎಲ್ಲ ಹಕ್ಕನ್ನೂ ಬಿಟ್ಟಿದ್ದೇನೆ ಅಂತ ಘೋಷಣೆ. ಡ್ರೈಯಾಡ್ ಸಂಗ್ರಹದಲ್ಲಿ ಡೇಟಾ ಹಾಕುವುದೇ ಸಿಸಿ ಝೀರೋದಲ್ಲಿ. ನಮ್ಮ ಕಾಯ್ದೆಯ 21ನೇ ಸೆಕ್ಷನ್‌ನಲ್ಲೂ ಸಾರ್ವಜನಿಕ ಪ್ರಕಟಣೆ ಮೂಲಕ ಹಕ್ಕು ಬಿಡಬಹುದು ಅಂತ ಇದೆ. ನಾವು ದಾಳಿಂಬೆ ರೋಗದ ಲೆಕ್ಕ ಸೇರಿಸುವಾಗ ಮೂವತ್ತು ನಲವತ್ತು ಕಡೆಯಿಂದ ಫೈಲ್ ತಂದಿದ್ದೆವು. ಒಂದೊಂದರ ಲೈಸೆನ್ಸ್ ಒಂದೊಂದು ತರ. ಯಾವ ಎರಡನ್ನು ಸೇರಿಸಬಹುದು ಅಂತ ನೋಡುವುದರಲ್ಲೇ ವಾರಗಟ್ಟಲೆ ಹೋಯಿತು. ಸಿಸಿ ಝೀರೋ ಇದ್ದವನ್ನು ಮಾತ್ರ ಯೋಚನೆ ಮಾಡದೆ ಸೇರಿಸಿದೆವು.


ಡೋಣಿ ದಂಡೆ:

ಅಂಕಿ ನನ್ನದಲ್ಲ ಅಂತ ಓದಿದಾಗ ಒಂದು ಕ್ಷಣ ಬೇಜಾರಾಯಿತು. ಆಮೇಲೆ ಯೋಚನೆ ಮಾಡಿದೆ. ನೀರು ನನ್ನದಲ್ಲ, ಬಾವಿ ನನ್ನದಲ್ಲ, ಅಂಕಿ ಮಾತ್ರ ನನ್ನದು ಅನ್ನುವುದು ಹೇಗೆ. ಆದರೂ ಕೇಳುತ್ತೇನೆ, ಸಿಸಿ ಝೀರೋ ಹಾಕಿದರೆ ಹೆಸರು ಹಾಕದಿದ್ದರೂ ನಡೆಯುತ್ತದೆ ಅಂತಲೇ ಅಲ್ವಾ? ಹೋದ ವರ್ಷ ಆಗಿದ್ದೇ ಮತ್ತೆ ಆಗುತ್ತದೆ. ನಾನಿನ್ನೂ ಕೆಲಸ ಹುಡುಕಬೇಕಾದವಳು. ಇದನ್ನು ನಾನು ಮಾಡಿದ್ದು ಅಂತ ಎಲ್ಲೋ ಒಂದು ಕಡೆ ಇರಬೇಕು.


ಕುಂದಾನಗರಿ:

ಇಲ್ಲಿ ಎರಡನ್ನು ಬೇರೆ ಬೇರೆ ನೋಡಬೇಕು. ಲೈಸೆನ್ಸ್‌ನ ಪ್ರಕಾರ ಹೆಸರು ಹಾಕುವುದು ಒಂದು. ಸಂಶೋಧನೆಯಲ್ಲಿ ಆಕರ ಹೇಳುವುದು ಇನ್ನೊಂದು. ಸಿಸಿ ಝೀರೋ ಇದ್ದರೂ ಪ್ರಬಂಧ ಬರೆಯುವವರು ಡೇಟಾ ಎಲ್ಲಿಂದ ಬಂತು ಅಂತ ಹೇಳಲೇಬೇಕು, ಇಲ್ಲದಿದ್ದರೆ ಅದು ಕೃತಿಚೌರ್ಯ. ಅದನ್ನು ನೋಡಿಕೊಳ್ಳುವುದು ಲೈಸೆನ್ಸ್ ಅಲ್ಲ, ವಿದ್ವತ್ತಿನ ಶಿಸ್ತು.

@ತೋಟದ ಮನೆ, ದೊಡ್ಡ ಸಂಗ್ರಹಗಳಿಗೆ ನಿಮ್ಮ ಮಾತು ಸರಿ. ಆದರೆ ಇದು 43 ಬಾವಿ, ಒಬ್ಬಳ ಎರಡು ವರ್ಷ. ಇಲ್ಲಿ ನಾನು ‘ಬೈ’ ಕಡೆ. ಕೋರ್ಟಿಗೆ ಹೋಗಲು ಅಲ್ಲ. ಫೈಲ್ ತೆರೆದವರಿಗೆ ಮೊದಲ ಸಾಲಿನಲ್ಲೇ ‘ಹೀಗೆ ಹೆಸರು ಹಾಕಿ’ ಅಂತ ಕಾಣಬೇಕು, ಅಷ್ಟೇ. ಎಷ್ಟೋ ಜನ ಹೆಸರು ಬಿಡುವುದು ಕೆಟ್ಟತನದಿಂದ ಅಲ್ಲ, ಯಾರ ಹೆಸರು ಹೇಗೆ ಹಾಕಬೇಕು ಅಂತ ಫೈಲಿನಲ್ಲಿ ಇರುವುದಿಲ್ಲ. ಝೆನೊಡೊದಲ್ಲಿ ಹಾಕಿದರೆ ಡಿಒಐ (ಫೈಲಿನ ಕಾಯಂ ಗುರುತು ಸಂಖ್ಯೆ) ಸಿಗುತ್ತದೆ, ಅದನ್ನು ಆ ಸಾಲಿನಲ್ಲೇ ಸೇರಿಸಿ. ಅಲ್ಲಿ ಮೊದಲೇ ಆರಿಸಿಟ್ಟಿರುವುದೂ ಸಿಸಿ ಬೈ 4.0.

ಎರಡು ಎಚ್ಚರಿಕೆ. ಸಿಸಿ ಕೊಟ್ಟ ಮೇಲೆ ವಾಪಸ್ ತಗೊಳ್ಳಲು ಬರುವುದಿಲ್ಲ. ನಾಳೆ ಮನಸ್ಸು ಬದಲಾಗಿ ತೆಗೆದರೂ ಅಷ್ಟರಲ್ಲಿ ಪಡೆದವರ ಹಕ್ಕು ಹಾಗೇ ಇರುತ್ತದೆ. ಆಮೇಲೆ, ಕೊಡುವ ಹಕ್ಕು ನಿಮ್ಮೊಬ್ಬರದ್ದೇನಾ ಅಂತ ಖಚಿತ ಮಾಡಿಕೊಳ್ಳಿ. ಫೆಲೋಶಿಪ್ ಪತ್ರ ಓದಿ, ವಿಶ್ವವಿದ್ಯಾಲಯದ ನಿಯಮ ಓದಿ, ಮಾರ್ಗದರ್ಶಕರಿಂದ ಒಪ್ಪಿಗೆಯನ್ನು ಮೇಲ್‌ನಲ್ಲೇ ಪಡೆಯಿರಿ. ಬಾಯಿಮಾತು ಸಾಲದು. ಪ್ರಬಂಧ ಮೊದಲು ಬರಲಿ ಅಂತ ಅವರು ಹೇಳಿದರೆ ಜಗಳ ಬೇಡ. ಫೈಲನ್ನು ಈಗಲೇ ಹಾಕಿ, ಇಂಥ ದಿನದವರೆಗೆ ಮುಚ್ಚಿರಲಿ ಅಂತ ಇಡಲು ಅಲ್ಲಿ ಅವಕಾಶ ಇದೆ.


ನಕ್ಷೆ ಬಿಡಿಸುವವ:

ನಾನು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ, ಅಂದರೆ ಜನರೇ ಸೇರಿ ಬಿಡಿಸುವ ಮುಕ್ತ ನಕ್ಷೆಯಲ್ಲಿ, ಕೆಲಸ ಮಾಡುತ್ತೇನೆ. ಡೋಣಿ ದಂಡೆ ಅವರೇ, ಆ ಫೈಲಿನಲ್ಲಿ ಬೇರೆಯವರ ಡೇಟಾ ಏನಾದರೂ ಸೇರಿದೆಯಾ? ಊರಿನ ಗಡಿ, ಕೆರೆಯ ಆಕಾರ, ಸರ್ಕಾರಿ ಬಾವಿಗಳ ಮಟ್ಟ?


ಡೋಣಿ ದಂಡೆ:

ಸೇರಿದೆ. ಕೆರೆಗಳ ಆಕಾರ ನಿಮ್ಮ ನಕ್ಷೆಯಿಂದಲೇ ತಗೊಂಡದ್ದು. ಕೇಂದ್ರ ಅಂತರ್ಜಲ ಮಂಡಳಿಯವರು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತಾರಲ್ಲ, ಅದರಲ್ಲಿ ನಮ್ಮ ಕಡೆಯ ಬಾವಿಗಳ ಲೆಕ್ಕವನ್ನು ಸರ್ಕಾರದ ಓಪನ್ ಡೇಟಾ ತಾಣದಿಂದ ಇಳಿಸಿಕೊಂಡು ಪಕ್ಕದಲ್ಲಿ ಇಟ್ಟಿದ್ದೇನೆ.


ನಕ್ಷೆ ಬಿಡಿಸುವವ:

ಹಾಗಾದರೆ ಬೇರೆ ಬೇರೆ ಫೈಲ್ ಮಾಡಿ. ನಮ್ಮ ನಕ್ಷೆ 2012ರ ಸೆಪ್ಟೆಂಬರ್‌ನಿಂದ ಒಡಿಬಿಎಲ್ ಅನ್ನುವ ಡೇಟಾಬೇಸ್ ಲೈಸೆನ್ಸ್‌ನಲ್ಲಿದೆ. ಅದರಿಂದ ಡೇಟಾ ತೆಗೆದು ಇನ್ನೊಂದು ಡೇಟಾಬೇಸ್ ಮಾಡಿ ಹಂಚಿದರೆ ಅದನ್ನೂ ಒಡಿಬಿಎಲ್‌ನಲ್ಲೇ ಹಂಚಬೇಕು. ಕೆರೆಯ ಆಕಾರವನ್ನು ಬಾವಿ ಕೋಷ್ಟಕದೊಳಗೆ ಕಲಸಿ ಮೇಲೆ ಸಿಸಿ ಬೈ ಅಂತ ಚೀಟಿ ಅಂಟಿಸಲು ಬರುವುದಿಲ್ಲ. ಬರೀ ಚಿತ್ರವಾಗಿ ನಕ್ಷೆ ಮುದ್ರಿಸಿದರೆ ಆಕರ ಹೇಳಿದರೆ ಸಾಕು. ಸರ್ಕಾರಿ ಡೇಟಾಕ್ಕೆ 2017ರಿಂದ ಬೇರೆಯದೇ ಲೈಸೆನ್ಸ್ ಇದೆ, ಅದು ಉದಾರವಾಗಿಯೇ ಇದೆ, ವ್ಯಾಪಾರಕ್ಕೂ ಬಳಸಬಹುದು. ಆದರೆ ಯಾರು ಕೊಟ್ಟದ್ದು, ಎಲ್ಲಿಂದ ತಗೊಂಡದ್ದು, ಯಾವ ಲೈಸೆನ್ಸ್ ಅಂತ ಬರೆಯಲೇಬೇಕು.

ಲೆಕ್ಕ ಹಾಕಲು ಬರೆದ ಪೈಥಾನ್ ಕೋಡ್ ಇದ್ದರೆ ಅದಕ್ಕೆ ಸಿಸಿ ಬೇಡ. ಎಂಐಟಿ ತರದ ಸಾಫ್ಟ್‌ವೇರ್ ಲೈಸೆನ್ಸ್ ಹಾಕಿ.


ಬೀಸುವ ಕಲ್ಲು (ವಿಜಯಪುರ):

ನನ್ನದು ಬೇರೆ ತರದ ಡೇಟಾ, ಆದರೆ ಇದೇ ಗೊಂದಲ. ಅಜ್ಜಿಯರು ಹೇಳುವ ಬೀಸುವ ಪದಗಳನ್ನು ರೆಕಾರ್ಡ್ ಮಾಡಿದ್ದೇನೆ. ಡೋಣಿ ದಂಡೆ ಅವರ ರೈತರಿಗೆ ಹೆಸರು ಬೇಡ. ನನ್ನ ಅಜ್ಜಿಯರಿಗೆ ಹೆಸರೇ ಬೇಕು. ಒಬ್ಬರು ಮೂರು ಸಲ ಕೇಳಿದರು, ‘ನನ್ನ ಹೆಸರು ಹಾಕತೀಯಿಲ್ಲೋ? ನಮ್ಮವ್ವನ ಹೆಸರೂ ಹಾಕು, ಕಲಿಸಿದಾಕಿ ಆಕಿ.’ ನಾನು ಸುಮ್ನೆ ‘ಹಾಡುಗಾರ್ತಿ 1, ಹಾಡುಗಾರ್ತಿ 2’ ಅಂತ ಬರೆದುಕೊಂಡಿದ್ದೆ. ಇದಕ್ಕೆ ಯಾವ ಲೈಸೆನ್ಸ್?


ಕುಂದಾನಗರಿ:

ಮೊದಲು ಅವರ ಹೆಸರು, ಆಮೇಲೆ ಲೈಸೆನ್ಸ್. ಪದ ಹಳೆಯದು, ಯಾರದ್ದು ಅಂತ ಹೇಳಲು ಬರುವುದಿಲ್ಲ ಅನ್ನಿ. ಆದರೆ ಹಾಡಿದವರಿಗೆ ತಮ್ಮ ಹಾಡಿಕೆಯ ಮೇಲೆ ಹಕ್ಕಿದೆ. ನಮ್ಮ ಕಾಯ್ದೆಯ 38ನೇ ಸೆಕ್ಷನ್‌ನಲ್ಲಿ ಅದಕ್ಕೆ 50 ವರ್ಷ. ರೆಕಾರ್ಡ್ ಮಾಡಿದ ನೀವೊಬ್ಬರೇ ಕೂತು ಸಿಸಿ ಬೈ ಅಂತ ತೀರ್ಮಾನ ಮಾಡಲು ಆಗುವುದಿಲ್ಲ. ಅವರ ಎದುರು ಕೂತು, ಇದನ್ನು ಯಾರು ಬೇಕಾದರೂ ಕೇಳಬಹುದು, ಇನ್ನೊಬ್ಬರು ಇದನ್ನು ಸೇರಿಸಿ ಸಿನಿಮಾ ಹಾಡು ಮಾಡಿ ದುಡ್ಡು ಮಾಡಬಹುದು, ಒಮ್ಮೆ ಕೊಟ್ಟರೆ ವಾಪಸ್ ಇಲ್ಲ, ಅಂತ ಅವರ ಮಾತಿನಲ್ಲೇ ಹೇಳಿ. ಆ ಮಾತುಕತೆಯನ್ನೂ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಸಿನಿಮಾದ ಮಾತು ಕೇಳಿ ಅವರು ಬೇಡ ಅಂದರೆ, ಇಲ್ಲಿ ಎನ್‌ಸಿ ಹಾಕಿ. ಮೇಲೆ ನಾನು ಎನ್‌ಸಿ ಬೇಡ ಅಂದದ್ದು ಬಾವಿ ಲೆಕ್ಕಕ್ಕೆ. ಅಜ್ಜಿಯ ದನಿಗೆ ಅದೇ ಮಾತು ಹೇಳುವುದಿಲ್ಲ.


ಬೀಸುವ ಕಲ್ಲು:

ಮುಂದಿನ ವಾರ ಮತ್ತೆ ಊರಿಗೆ ಹೋಗುತ್ತೇನೆ. ಮೊದಲು ಹೆಸರುಗಳನ್ನು ಬರೆದುಕೊಂಡು ಬರುತ್ತೇನೆ, ಅವರ ಅವ್ವಂದಿರ ಹೆಸರನ್ನೂ.


ಡೋಣಿ ದಂಡೆ:

ಒಂದು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಈ ತಿಂಗಳು ಅಳೆಯಲು ಹೋದಾಗ 43 ಕಡೆಯೂ ಕೂತು ಹೇಳಿದೆ, ಲೆಕ್ಕ ಎಲ್ಲರಿಗೂ ಸಿಗುತ್ತದೆ, ನಿಮ್ಮ ಹೆಸರು ಇರುವುದಿಲ್ಲ ಅಂತ. 41 ಮನೆಯವರು ಒಪ್ಪಿದರು. ಒಂದು ಬಾವಿ ಅಣ್ಣತಮ್ಮಂದಿರ ವ್ಯಾಜ್ಯದಲ್ಲಿದೆ, ಅವರು ಬೇಡ ಅಂದರು. ಇನ್ನೊಬ್ಬರು ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಎರಡನ್ನು ತೆಗೆದು ಉಳಿದವಕ್ಕೆ ಹೊಸದಾಗಿ ನಂಬರ್ ಕೊಟ್ಟಿದ್ದೇನೆ. ವಾಟ್ಸಾಪ್ ಫೈಲ್ ಪಡೆದವರಿಗೆ ಫೋನ್ ನಂಬರ್ ಅಳಿಸಿ ಅಂತ ಬರೆದೆ. ಅಳಿಸಿದ್ದೇವೆ ಅಂತ ಉತ್ತರ ಬಂತು.

ಮಾರ್ಗದರ್ಶಕರು ಮೇಲ್‌ನಲ್ಲಿ ಒಪ್ಪಿದರು. ಸಿಸಿ ಬೈ 4.0 ಹಾಕಿ ನಿನ್ನೆ ಬಿಟ್ಟಿದ್ದೇನೆ. ಕೆರೆಗಳ ಆಕಾರ ಬೇರೆ ಫೈಲಿನಲ್ಲಿ ಒಡಿಬಿಎಲ್ ಕೆಳಗೆ ಇದೆ. ಡೇಟಾ ಜೊತೆ ಇಟ್ಟ ‘ಮೊದಲು ಇದನ್ನು ಓದಿ’ ಅನ್ನುವ ಟಿಪ್ಪಣಿ ಕನ್ನಡದಲ್ಲೂ ಇದೆ. ಸುಣ್ಣ ಉಜ್ಜುವುದರಿಂದ ಹಿಡಿದು ಹೆಸರು ಹೇಗೆ ಹಾಕಬೇಕು ಅನ್ನುವುದರ ತನಕ ಅದರಲ್ಲಿ ಬರೆದಿದ್ದೇನೆ.


ತೋಟದ ಮನೆ:

ಇಳಿಸಿಕೊಂಡೆ. ತುಂಬಾ ಅಚ್ಚುಕಟ್ಟಾಗಿದೆ. ಒಂದು ಅನುಮಾನ. ಬಾವಿ 29ರಲ್ಲಿ ಎರಡನೇ ವರ್ಷದ ಜೂನ್ ಅಂಕಿ ಮಾತ್ರ ಹಿಂದೆ ಮುಂದಿನ ತಿಂಗಳುಗಳಿಗೆ ಹೊಂದುತ್ತಿಲ್ಲ. ಸುಮಾರು 0.8 ಮೀಟರ್ ಜಾಸ್ತಿ ಇದೆ. ಆ ಬಾವಿಯ ಕಟ್ಟೆಯ ಎತ್ತರವೂ 0.8 ಅಂತ ನಿಮ್ಮ ಟಿಪ್ಪಣಿಯಲ್ಲಿದೆ. ಆ ಒಂದು ತಿಂಗಳು ಕಟ್ಟೆ ಕಳೆಯುವುದು ಮರೆತಿರಾ?


ಡೋಣಿ ದಂಡೆ:

ನೋಟ್‌ಬುಕ್ ತೆಗೆದು ನೋಡಿದೆ. ಹೌದು, ಮರೆತಿದ್ದೇನೆ. ಆ ದಿನ ಮಳೆ ಬಂದು ಪುಟ ಒದ್ದೆಯಾಗಿದೆ, ಕಟ್ಟೆಯ ಸಾಲು ಅಳಿಸಿಹೋಗಿದೆ. ಎರಡು ವರ್ಷದಲ್ಲಿ ನನಗೂ ಕಂಡಿರಲಿಲ್ಲ, ಮಾರ್ಗದರ್ಶಕರಿಗೂ ಕಂಡಿರಲಿಲ್ಲ. ತುಂಬಾ ಥ್ಯಾಂಕ್ಸ್. ಸರಿ ಮಾಡಿ ಎರಡನೇ ಆವೃತ್ತಿ ಹಾಕಿದ್ದೇನೆ, ಬದಲಾವಣೆಯ ಟಿಪ್ಪಣಿಯಲ್ಲಿ ‘ತೋಟದ ಮನೆ ತೋರಿಸಿದ್ದು’ ಅಂತ ಬರೆದಿದ್ದೇನೆ. ನಿಮ್ಮ ನಿಜ ಹೆಸರು ಹಾಕಬೇಕಾ, ಇದೇ ಇರಲಾ, ಹೇಳಿ.